ಎದೆಯ ಜಾಗದ ಬಾಡಿಗೆ

ಬರ್ಕಾ
22 ಆಗಸ್ಟ್ 2025, ಶುಕ್ರವಾರ

ಪ್ರೀತಿಯ ನಿಶ್ಮಿ,

ನಾನಿಲ್ಲಿ ಗಲ್ಫಿನಲ್ಲಿ ಬೆವರಿಕೊಂಡು ಚೆನ್ನಾಗಿದ್ದೇನೆ. ನೀನಲ್ಲಿ ನಡುಗಿಕೊಂಡು ಚೆನ್ನಾಗಿದ್ದಿ ಎಂದು ತಿಳಿದುಕೊಂಡಿದ್ದೇನೆ. ವಾಟ್ಸಾಪಿನಲ್ಲಿ ಮಾತಾಡಿದರೆ ಸಾಕಲ್ಲ ಮಾಮ, ಕಾಗದ ಬರೆದು ಅದರ ಫೋಟೋ ತೆಗೆದು ಯಾಕೆ ಕಳಿಸುತ್ತೀರಿ ಎಂದು ನೀನು ಕೇಳುವವಳೇ. ಹೆಜಮಾಡಿ ಶಾಲೆಯ ಏಳು ಕ್ಲಾಸಿನಲ್ಲಿ ನಾನು ಸರಿಯಾಗಿ ಕಲಿತದ್ದು ಅಕ್ಷರ ಒಂದನ್ನೇ. ನಮ್ಮ ಮೇಷ್ಟ್ರು ನನ್ನ ಕಾಪಿ ಪುಸ್ತಕವನ್ನು ಹೈಸ್ಕೂಲಿಗೆ ತೆಗೆದುಕೊಂಡು ಹೋಗಿ ಅಲ್ಲಿಯ ಮಕ್ಕಳಿಗೆ ತೋರಿಸಿದ್ದರು. ಹೈಸ್ಕೂಲಿಗೆ ನಾನು ಹೋಗಲಿಲ್ಲ, ನನ್ನ ಅಕ್ಷರ ಹೋಗಿ ಬಂದಿದೆ.

ನಿನ್ನ ಅಮ್ಮ ಫೋನಿನಲ್ಲಿ ಹೇಳಿದ್ದು ಅರ್ಧ ಅರ್ಥವಾಯಿತು, ಅರ್ಧ ನಗು ಬಂತು. ನಿನ್ನ ಕಂಪೆನಿಯವರು ಟಿವಿಯಲ್ಲಿ ಫುಟ್‌ಬಾಲ್ ಆಟ ನೋಡುತ್ತಾರಂತೆ. ಆಟಗಾರರ ಅಂಗಿಯ ಮೇಲಿನ ಕಂಪೆನಿ ಹೆಸರು ಎಷ್ಟು ಸೆಕೆಂಡು ಕಾಣಿಸಿತು ಎಂದು ಎಣಿಸಿ ಅದಕ್ಕೆ ಬೆಲೆ ಕಟ್ಟುತ್ತಾರಂತೆ. ಹುಡುಗರ ಎದೆ ನೋಡುವುದಕ್ಕೆ ನನ್ನ ತಂಗಿಯ ಮಗಳಿಗೆ ಪೌಂಡಿನಲ್ಲಿ ಸಂಬಳ. ನಾವು ಚಿಕ್ಕವರಿರುವಾಗ ಇಂಥ ಕೆಲಸ ಇದ್ದಿದ್ದರೆ ನಮ್ಮ ಊರಿನ ಅರ್ಧ ಜನ ಲಾಟ್ ಸಾಹೇಬರಾಗುತ್ತಿದ್ದರು.

ಆದರೆ ಈಗ ನಿನ್ನ ವಿದ್ಯೆ ನನಗೆ ಬೇಕು. ನಮ್ಮ ತಂಡ ನಿನಗೆ ಗೊತ್ತುಂಟಲ್ಲ, ಪಡುಕಡಲ್ ಫ್ರೆಂಡ್ಸ್, ಬರ್ಕಾ. ಪ್ರತಿ ಶುಕ್ರವಾರ ಏಳು ಜನರ ಫುಟ್‌ಬಾಲ್. ನಾನು ಲೆಫ್ಟ್ ವಿಂಗ್ ಆಗಿದ್ದಾಗ ಚೆಂಡು ನನ್ನ ಕಾಲಿಗೆ ಅಂಟಿಕೊಂಡರೆ ಬಿಡಿಸಲು ಕತ್ತಿ ಬೇಕಿತ್ತು, ಯಾರನ್ನು ಬೇಕಾದರೂ ಕೇಳು. ಈಗ ಮೊಣಕಾಲು ಹೋಗಿದೆ, ಹಾಗಾಗಿ ಮ್ಯಾನೇಜರ್. ಅಂಗಿ ಹೊಲಿಯುವವನೂ ನಾನೇ. ನನ್ನ ಅಂಗಡಿಯಲ್ಲಿ ಇಲ್ಲಿಯವರ ಬಿಳಿ ನಿಲುವಂಗಿ ಹೊಲಿಯುವ ಮಿಷನ್ನಿನ ಪಕ್ಕ ಅಂಗಿಗೆ ಹೆಸರು ಒತ್ತುವ ಮಿಷನ್ನೂ ಇದೆ. ನನ್ನಷ್ಟು ನೇರವಾಗಿ ಹೆಸರು ಒತ್ತುವವರು ಇಲ್ಲಿಂದ ರುಸ್ತಾಕ್‌ವರೆಗೆ ಯಾರೂ ಇಲ್ಲ.

ಎರಡು ವರ್ಷದ ಹಿಂದೆ ನಾನೊಂದು ದೊಡ್ಡ ಡೀಲ್ ಮಾಡಿದೆ. ನಮ್ಮ ಮಹ್ರೂಫ್, ಹೈವೇಯಲ್ಲಿ ಟಯರ್ ಅಂಗಡಿ ಇರುವವ, ಅವನ ಅಂಗಡಿಯ ಹೆಸರನ್ನು ಎದೆಗೆ ಹಾಕಿದೆ. ವರ್ಷಕ್ಕೆ ಆರುನೂರು ರಿಯಾಲ್. ಅಲ್ಲಿಯವರೆಗೆ ಎದೆಯಲ್ಲಿ ಸ್ಟೆಲ್ಲಾ ಮೆಸ್ ಎಂದು ಇತ್ತು, ಅದನ್ನು ತೋಳಿಗೆ ಕಳಿಸಿದೆ. ನಿಮ್ಮ ದೊಡ್ಡ ಕ್ಲಬ್ಬುಗಳಲ್ಲಿ ತೋಳಿಗೂ ದುಡ್ಡು ಕೊಡುವವ ಒಬ್ಬ ಇರುತ್ತಾನಲ್ಲ, ಅದನ್ನು ಟಿವಿಯಲ್ಲಿ ನೋಡಿ ಕಲಿತದ್ದು. ಆರುನೂರು ರಿಯಾಲಿನಲ್ಲಿ ಎಲ್ಲರಿಗೂ ಬೂಟು, ದೂರದ ದುಕ್ಮ್ ಊರಿನ ಟೂರ್ನಮೆಂಟಿಗೆ ಎಸಿ ಬಸ್ಸು. ಈಗ ಮಹ್ರೂಫ್ "ಕೊಗ್ಗಣ್ಣ, ಈ ವರ್ಷ ಖಲಾಸ್" ಎನ್ನುತ್ತಾನೆ. ಅಕ್ಟೋಬರಿನಲ್ಲಿ ಆಟ ಶುರು, ಎದೆ ಖಾಲಿ. ಎಷ್ಟು ದರ ಹೇಳಬೇಕು, ಯಾರನ್ನು ಹಿಡಿಯಬೇಕು, ಬರೆ. ಇಂಗ್ಲೆಂಡಿನ ಕಂಪೆನಿ ಯಾವುದಾದರೂ ಇದ್ದರೆ ನನ್ನ ಹೆಸರು ಹೇಳು.

ಆಸ್ವಾಲ್ಡ್ ನೆನಪಿರಬಹುದು, ನೀನು ಸಣ್ಣವಳಿರುವಾಗ ನನ್ನ ಜೊತೆ ಊರಿಗೆ ಬಂದು ನಿನಗೆ ಖರ್ಜೂರದ ಡಬ್ಬ ಕೊಟ್ಟವ. ನಮ್ಮ ಗೋಲ್‌ಕೀಪರ್, ಆ ಮೆಸ್ಸಿನ ಸ್ಟೆಲ್ಲಾ ಬಾಯಿಯ ಗಂಡ. ಇಪ್ಪತ್ತೈದು ವರ್ಷದ ಸ್ನೇಹ. ಈಗ ಎಂಟು ತಿಂಗಳಿಂದ ನನ್ನೊಡನೆ ಮಾತಿಲ್ಲ. ಗೋಲ್‌ಕೀಪರುಗಳ ತಲೆಗೆ ಚೆಂಡು ಜಾಸ್ತಿ ತಾಗಿರುತ್ತದೆ, ಅದರಿಂದ ಇರಬೇಕು. ಡಿಸೆಂಬರಿನಲ್ಲಿ ಗಂಡ ಹೆಂಡತಿ ಇಬ್ಬರೂ ಕಾಯಂ ಊರಿಗೆ ಹೋಗುತ್ತಾರಂತೆ. ಹೋಗುವ ಮೊದಲು ಅವನಾಗಿಯೇ ಬಂದು ಮಾತಾಡುತ್ತಾನೆ, ನೋಡು. ನಾನಂತೂ ಹೋಗುವುದಿಲ್ಲ.

ನಿನ್ನ ಕೊಗ್ಗ ಮಾಮ
(ಮ್ಯಾನೇಜರ್, ಟೈಲರ್, ಖಜಾಂಚಿ, ಮಾಜಿ ಲೆಫ್ಟ್ ವಿಂಗ್)


ಲೀಡ್ಸ್
7 ಸೆಪ್ಟೆಂಬರ್ 2025

ಮಾಮನಿಗೆ ನಮಸ್ಕಾರ,

ನಿಮ್ಮ ಅಕ್ಷರ ನೋಡಿ ಟೈಪ್ ಮಾಡಲು ನಾಚಿಕೆಯಾಯಿತು. ಪೆನ್ನು ಹಿಡಿದಿದ್ದೇನೆ, ನನ್ನ ಅಕ್ಷರಕ್ಕೆ ನಗಬೇಡಿ.

ಎಣಿಸುವುದು ಕಂಪ್ಯೂಟರ್, ಮಾಮ. ನಾವು ಅದು ಮಾಡಿದ ತಪ್ಪು ತಿದ್ದುವವರು. ಆಟಗಾರ ಕೈಕಟ್ಟಿ ನಿಂತರೆ ಹೆಸರು ಅರ್ಧ ಕಾಣುತ್ತದೆ, ಆ ಸೆಕೆಂಡು ಕಳೆಯಬೇಕು. ಗೋಲು ಹೊಡೆದವ ಅಂಗಿ ಕಳಚಿ ಓಡಿದರೆ ಕಂಪೆನಿಯವರಿಗೆ ಹೊಟ್ಟೆ ಉರಿ, ಎಲ್ಲರೂ ನೋಡುವ ಹೊತ್ತಿಗೇ ಹೆಸರಿಲ್ಲ. ನಮ್ಮ ಆಫೀಸಿನಲ್ಲಿ ಇದನ್ನು ಗಂಭೀರವಾಗಿ ಮೀಟಿಂಗ್ ಮಾಡಿ ಮಾತಾಡುತ್ತಾರೆ.

ದರ ಕೇಳಿದಿರಿ. ಇಲ್ಲಿ ತುದಿಯ ಕ್ಲಬ್ಬುಗಳಿಗೆ ಎದೆಯ ಜಾಗಕ್ಕೆ ವರ್ಷಕ್ಕೆ ಐದಾರು ಕೋಟಿ ಪೌಂಡ್ ಬರುತ್ತದೆ. ಅದೇ ಲೀಗಿನ ಕೆಳಗಿನ ಕ್ಲಬ್ಬುಗಳಿಗೆ ಅದರ ಹತ್ತರಲ್ಲಿ ಒಂದು ಪಾಲು ಬಂದರೆ ದೊಡ್ಡದು. ತೋಳು ತುಂಬ ಅಗ್ಗ, ಎದೆಯ ಐದರಲ್ಲಿ ಒಂದು ಪಾಲು ಎಂದಿಟ್ಟುಕೊಳ್ಳಿ. ಈಗ ಅರ್ಧಕ್ಕಿಂತ ಹೆಚ್ಚು ಕ್ಲಬ್ಬುಗಳ ಎದೆಯಲ್ಲಿ ಇರುವುದು ಬೆಟ್ಟಿಂಗ್ ಕಂಪೆನಿಗಳು. ಮುಂದಿನ ಸೀಸನ್ನಿನಿಂದ ಎದೆಯಲ್ಲಿ ಅವುಗಳ ಹೆಸರು ಬೇಡ ಎಂದು ಕ್ಲಬ್ಬುಗಳೇ ಒಪ್ಪಿಕೊಂಡಿವೆ, ತೋಳಿನಲ್ಲಿ ಇರಬಹುದು. ಸಣ್ಣ ಕ್ಲಬ್ಬಿನವರು ಈಗಲೇ ನಮ್ಮ ಆಫೀಸಿಗೆ ಫೋನ್ ಮಾಡಿ ಗೋಳಾಡುತ್ತಾರೆ. ಬೇರೆ ಯಾರೂ ಅಷ್ಟು ಕೊಡುವುದಿಲ್ಲ.

ಸೇರಿದ ಹೊಸತರಲ್ಲಿ ನಾನು ಬಾಸನ್ನು ಕೇಳಿದ್ದೆ, ಇವರು ಮಾತ್ರ ಯಾಕೆ ಅಷ್ಟು ಕೊಡುತ್ತಾರೆ, ಇವುಗಳಲ್ಲಿ ಕೆಲವಕ್ಕೆ ಇಂಗ್ಲೆಂಡಿನಲ್ಲಿ ಗಿರಾಕಿಗಳೇ ಇಲ್ಲವಲ್ಲ ಎಂದು. ಅವರು ಹೇಳಿದರು: ಇವರ ಗಿರಾಕಿಗಳು ಇರುವುದು ಏಷ್ಯಾದ ಊರುಗಳಲ್ಲಿ. ಅಲ್ಲಿ ಎಷ್ಟೋ ಕಡೆ ಬೋರ್ಡು ಹಾಕಲು ಕಾನೂನು ಬಿಡುವುದಿಲ್ಲ. ಅಂಗಿ ಮಾತ್ರ ಟಿವಿಯೊಳಗಿಂದ ಎಲ್ಲರ ಮನೆಗೆ ಹೋಗುತ್ತದೆ. ಬೋರ್ಡು ಇರುವವನಿಗೆ ಅಂಗಿ ಒಂದು ಶೋಕಿ, ಬೋರ್ಡು ಹಾಕಲಾಗದವನಿಗೆ ಅದೇ ಬೋರ್ಡು. ಅದಕ್ಕೇ ಅವನು ಹೆಚ್ಚು ಕೊಡುತ್ತಾನೆ.

ಈ ಲೆಕ್ಕದಲ್ಲಿ ನಿಮ್ಮ ಟಯರಿನವರು ಬಿಟ್ಟದ್ದು ಆಶ್ಚರ್ಯವಲ್ಲ. ಹೈವೇಯಲ್ಲಿ ಅವರಿಗೆ ಮನೆಯಷ್ಟು ದೊಡ್ಡ ಬೋರ್ಡು ಇರಬಹುದಲ್ಲ.

ದರ ಹೇಳುವ ಮೊದಲು ಒಂದು ವಿಷಯ ಬೇಕು. ಆಫೀಸಿನಲ್ಲೂ ಮೊದಲು ಕೇಳುವುದು ಅದನ್ನೇ. ಟಯರಿನವರ ಹಿಂದಿನವರು, ಸ್ಟೆಲ್ಲಾ ಮೆಸ್ಸಿನವರು, ನಿಮಗೆ ಎಷ್ಟು ಕೊಡುತ್ತಿದ್ದರು? ಅವರಿಗೆ ಅದರಿಂದ ಏನು ಸಿಗುತ್ತಿತ್ತು? ಹಳೆಯ ದರ ತಿಳಿಯದೆ ಹೊಸ ದರ ಕಟ್ಟುವುದು ಹೇಗೆ?

ಮೊಣಕಾಲಿಗೆ ಎಣ್ಣೆ ಹಚ್ಚಿ. ಆಟದ ದಿನ ಬದಿಯಲ್ಲಿ ನಿಂತು ಕೂಗುವುದನ್ನು ಸ್ವಲ್ಪ ಕಡಿಮೆ ಮಾಡಿ ಎಂದು ಅಮ್ಮ ಹೇಳಿದ್ದಾರೆ.

ನಿಮ್ಮ
ನಿಶ್ಮಿತಾ


ಬರ್ಕಾ
19 ಸೆಪ್ಟೆಂಬರ್ 2025, ಶುಕ್ರವಾರ

ಪ್ರೀತಿಯ ನಿಶ್ಮಿ,

ಏನು ಕೇಳಿದೆ ಮಾರಾಯ್ತಿ. ಸ್ಟೆಲ್ಲಾ ಬಾಯಿ ಒಂದು ಪೈಸೆ ಕೊಟ್ಟವರಲ್ಲ. ಅವರು ಕೊಟ್ಟದ್ದು ಊಟ. ಶುಕ್ರವಾರ ಆಟ ಮುಗಿಸಿ ಹದಿನಾಲ್ಕು ಜನ ಸೀದಾ ಅವರ ಮನೆಗೆ ಹೋಗುವುದು. ಕುಚ್ಚಲಕ್ಕಿ ಅನ್ನ, ಬಂಗುಡೆ ಸಾರು, ಒಂದು ಪಲ್ಯ, ಹಬ್ಬದ ವಾರ ಕೋಳಿ. ಇಪ್ಪತ್ತು ವರ್ಷ. ಇದಕ್ಕೆ ನಿನ್ನ ಆಫೀಸಿನಲ್ಲಿ ಏನು ಹೆಸರೋ ನನಗೆ ಗೊತ್ತಿಲ್ಲ.

ಮೆಸ್ ಎಂದರೆ ಹೋಟೆಲಲ್ಲ. ಮೀನು ಮಾರ್ಕೆಟ್ಟಿನ ಹಿಂದೆ ಎರಡನೇ ಮಾಳಿಗೆಯಲ್ಲಿ ಆಸ್ವಾಲ್ಡನ ಕಂಪೆನಿ ಕೊಟ್ಟ ಫ್ಲ್ಯಾಟ್, ಅದರ ಅಡುಗೆಮನೆ. ಲೈಸೆನ್ಸ್ ಇಲ್ಲ, ಹಾಗಾಗಿ ಬಾಗಿಲಲ್ಲಿ ಬೋರ್ಡೂ ಇಲ್ಲ, ಯೇಸುವಿನ ಪಟ ಮಾತ್ರ. ಒಂಟಿ ಗಂಡಸರು ಬಂದು ಚಾಪೆಯಲ್ಲಿ ಕೂತು ಉಂಡು ಹೋಗುವರು, ದೂರದವರಿಗೆ ಪಾರ್ಸೆಲ್. ನಾನೂ ಆಸ್ವಾಲ್ಡನೂ ಮೊದಲು ಒಂದೇ ರೂಮಿನಲ್ಲಿ ಇದ್ದವರು. ಅವನ ಮದುವೆಯಾಗಿ ಬಾಯಿ ಇಲ್ಲಿಗೆ ಬಂದ ದಿನ ನಾನು ಹಾಸಿಗೆ ಸುತ್ತಿಕೊಂಡು ಬೇರೆ ರೂಮಿಗೆ ಹೋದೆ, ಊಟಕ್ಕೆ ವಾಪಸ್ ಬಂದೆ.

ಮೊದಲ ಅಂಗಿ ಹೊಲಿದಾಗ ಬಾಯಿ ಹೇಳಿದರು: ಕೊಗ್ಗಣ್ಣ, ಅಂಗಿಗೆ ನನ್ನ ಮೆಸ್ಸಿನ ಹೆಸರು ಹಾಕಿ, ಅಡಿಯಲ್ಲಿ ಫೋನ್ ನಂಬ್ರ ಹಾಕಿ. ನಾನು ನಕ್ಕೆ. ಹೆಂಗಸರಿಗೆ ಹೆಸರು ನೋಡುವ ಆಸೆ, ಇರಲಿ ಎಂದು ಹಾಕಿದೆ. ಇಪ್ಪತ್ತು ವರ್ಷ ಅದೇ ಹೆಸರು, ಅದೇ ನಂಬ್ರ. ಅದಕ್ಕಿಂತ ಹೆಚ್ಚು ಮರ್ಯಾದೆ ಯಾರಿಗೆ ಸಿಗುತ್ತದೆ ಹೇಳು. ಅವರಿಗೆ ಸಿಕ್ಕಿದ್ದು ಮರ್ಯಾದೆ. ಬರೆದುಕೋ.

ಮಹ್ರೂಫ್ ಟಯರ್ಸ್ ಒತ್ತಿದ ಹೊಸ ಅಂಗಿಯನ್ನು ನಾನೇ ತೆಗೆದುಕೊಂಡು ಹೋಗಿ ತೋರಿಸಿದೆ. ಎಷ್ಟು ಚಂದ ಬಂದಿತ್ತು ಗೊತ್ತುಂಟಾ. ತೋಳಿನಲ್ಲಿ ನಾಲ್ಕು ಬೆರಳಗಲದಲ್ಲಿ ಸ್ಟೆಲ್ಲಾ ಮೆಸ್. ಬಾಯಿ ಅಂಗಿಯನ್ನು ತಿರುಗಿಸಿ ತಿರುಗಿಸಿ ನೋಡಿದರು.

"ನಂಬ್ರ ಎಲ್ಲಿ ಕೊಗ್ಗಣ್ಣ?"

"ತೋಳಿನಲ್ಲಿ ನಂಬ್ರ ಇಟ್ಟರೆ ಚಂದ ಕೆಡುತ್ತದೆ ಬಾಯಿ. ನಿಮ್ಮ ನಂಬ್ರ ಬರ್ಕಾದಲ್ಲಿ ಯಾರಿಗೆ ಗೊತ್ತಿಲ್ಲ?"

ಆಸ್ವಾಲ್ಡ್ ಒಳಗಿಂದ ಕೇಳಿದ, "ಕೇಳಿದ್ದಿಯಾ?"

"ಏನು ಕೇಳುವುದು?"

"ಒತ್ತುವ ಮೊದಲು ಅವಳನ್ನು ಕೇಳಿದ್ದಿಯಾ ಅಂತ."

ಬಾಯಿ ಅಂಗಿ ಮಡಚಿ ನನ್ನ ಕೈಗೆ ಕೊಟ್ಟು, ಹೋಗಲಿ, ಊಟಕ್ಕೆ ಕೂತುಕೊಳ್ಳಿ ಎಂದರು. ಕೂತೆವು. ಮುಂದಿನ ಶುಕ್ರವಾರವೂ ಊಟ, ಅದರ ಮುಂದಿನ ವರ್ಷವೂ ಊಟ. ಮತ್ತೆ ಎಲ್ಲಿಯ ಬೇಸರ? ಬೇಸರ ಇದ್ದವರು ಅನ್ನ ಹಾಕುತ್ತಾರಾ?

ಆಮೇಲೆ ಆಮೇಲೆ ಬಂಗುಡೆ ಸಣ್ಣದಾಯಿತು. ಕಳೆದ ಜನವರಿಯಲ್ಲಿ ಒಂದು ಶುಕ್ರವಾರ ನಾನು ತಟ್ಟೆಯ ಮೀನನ್ನು ಬಾಲದಲ್ಲಿ ಎತ್ತಿ ಹಿಡಿದು, "ಬಾಯಿ, ಇದು ಎದೆಯ ಅಳತೆಯದ್ದಲ್ಲ, ತೋಳಿನ ಅಳತೆಯದ್ದು" ಎಂದೆ. ಎಲ್ಲರೂ ನಕ್ಕರು. ನಮ್ಮ ಇಸುಬು, ಗ್ಯಾರೇಜಿನ ಮೆಕ್ಯಾನಿಕ್, ನಮ್ಮ ಫಾರ್ವರ್ಡ್, ಅವನಿಗೆ ನಕ್ಕು ನಕ್ಕು ನೆತ್ತಿಗೆ ಹತ್ತಿತು. ಆಸ್ವಾಲ್ಡ್ ತಟ್ಟೆ ಬಿಟ್ಟು ಎದ್ದ. ಅಂದಿನಿಂದ ಮಾತಿಲ್ಲ, ಗೋಲಿನಲ್ಲೂ ನಿಲ್ಲಲಿಲ್ಲ. ರಂಜಾನ್ ಮುಗಿದ ಮೇಲೆ ಬಾಯಿ ಮೆಸ್ಸನ್ನೂ ಮುಚ್ಚಿದರು. ಒಂದು ತಮಾಷೆಗೆ ಇಷ್ಟೆಲ್ಲ ಉಂಟಾ? ಇದರಲ್ಲಿ ನನ್ನ ತಪ್ಪು ಏನು, ನೀನೇ ಹೇಳು.

ನಿನ್ನ ಬಾಸಿನ ಮಾತನ್ನು ಎರಡು ಸಲ ಓದಿದೆ. ಬೋರ್ಡಿನ ಮಾತು.

ದರದ ವಿಷಯ ಸದ್ಯಕ್ಕೆ ಇರಲಿ. ಗಿರಾಕಿ ಬಂದಿದ್ದಾರೆ, ನಿಲ್ಲಿಸುತ್ತೇನೆ.

ಕೊಗ್ಗ ಮಾಮ


ಬರ್ಕಾ
14 ನವೆಂಬರ್ 2025, ಶುಕ್ರವಾರ

ನಿಶ್ಮಿ,

ಎರಡು ತಿಂಗಳು ಬರೆಯಲಿಲ್ಲ. ನೀನು ಎರಡು ಸಲ ಫೋನ್ ಮಾಡಿದ್ದು ನೋಡಿದೆ, ಎತ್ತಲಿಲ್ಲ. ಸಿಟ್ಟಲ್ಲ.

ನಿನ್ನ ಕಾಗದ ಬಂದ ಮೇಲೆ ನಾನೊಂದು ಕೆಲಸ ಶುರು ಮಾಡಿದೆ. ಎದುರು ಸಿಕ್ಕಿದವರನ್ನೆಲ್ಲ ಕೇಳಿದೆ: ನೀನು ಮೊದಲ ಸಲ ಸ್ಟೆಲ್ಲಾ ಬಾಯಿಯ ಮೆಸ್ಸಿಗೆ ಹೋದದ್ದು ಹೇಗೆ, ಯಾರು ಹೇಳಿದ್ದು? ಸುಮ್ಮನೆ ಮಾತಿಗೆ ಕೇಳಿದ ಹಾಗೆ. ಹನ್ನೆರಡು ಜನರನ್ನು ಕೇಳಿದೆ. ಒಂಬತ್ತು ಜನ ಅಂಗಿ ನೋಡಿ ಎಂದರು.

ನನಗೆ ಯಾಕೆ ಹೊಳೆಯಲಿಲ್ಲ ಎಂದು ಹೇಳುತ್ತೇನೆ ಕೇಳು. ನನ್ನ ಲೆಕ್ಕದಲ್ಲಿ ಅಂಗಿ ಎಂದರೆ ಶುಕ್ರವಾರ ಒಂದೂವರೆ ಗಂಟೆ. ಆದರೆ ನಮ್ಮ ಆಟಗಾರರು ಯಾರು? ಗ್ಯಾರೇಜಿನವ, ಎಸಿ ರಿಪೇರಿಯವ, ನೀರಿನ ಟ್ಯಾಂಕರಿನವ, ಪೇಂಟರ್. ಧರ್ಮಕ್ಕೆ ಸಿಕ್ಕಿದ ಒಳ್ಳೆಯ ಅಂಗಿ. ಶುಕ್ರವಾರ ಆಡುವುದು, ಶನಿವಾರ ಒಗೆದು ಹಾಕಿಕೊಂಡು ಕೆಲಸಕ್ಕೆ ಹೋಗುವುದು. ಆರು ದಿನ ಆ ಹೆಸರು, ಆ ನಂಬ್ರ ಲೇಬರ್ ಕ್ಯಾಂಪಿನಲ್ಲಿ, ಸೈಟಿನಲ್ಲಿ, ಕಂಪೆನಿ ಬಸ್ಸಿನಲ್ಲಿ ತಿರುಗುತ್ತಿತ್ತು. ಮನೆಯೂಟ ಸಿಗದ ಗಂಡಸರು ಇರುವ ಜಾಗಗಳಲ್ಲೇ. ಬಾಯಿಗೆ ಇದು ಇಪ್ಪತ್ತೆರಡು ವರ್ಷದ ಹಿಂದೆಯೇ ಗೊತ್ತಿತ್ತು. ನಾನು ಹೆಂಗಸರ ಆಸೆ ಎಂದು ನಕ್ಕವ.

ಹಳೆಯ ಗಿರಾಕಿಗಳು ಯಾವಾಗಲೂ ಹೋಗುತ್ತಿರುತ್ತಾರೆ. ಒಬ್ಬನಿಗೆ ದುಕ್ಮಿಗೆ ವರ್ಗ, ಒಬ್ಬನ ವೀಸಾ ಮುಗಿಯಿತು, ಒಬ್ಬನ ಹೆಂಡತಿ ಬಂದಳು. ಮೊದಲು ಒಬ್ಬ ಹೋದರೆ ಇಬ್ಬರು ಬರುತ್ತಿದ್ದರು. ಅಂಗಿ ಬದಲಾದ ಮೇಲೆ ಹೋಗುವವರು ಹೋದರು, ಬರುವವರಿಗೆ ದಾರಿ ತಿಳಿಯಲಿಲ್ಲ.

ಕಡೆಗೆ ಮಹ್ರೂಫನನ್ನು ಕೇಳಿದೆ. ಅವನು ಚಹಾ ತರಿಸಿ ಹೇಳಿದ, "ನಾನು ಹೇಗೆ ಹೋದದ್ದು ಎಂದರೆ, ಇಸುಬು ನನ್ನ ಅಂಗಡಿಗೆ ಟಯರ್ ಒಯ್ಯಲು ಬಂದಿದ್ದ. ಅವನ ಎದೆಯಲ್ಲಿ ಓದಿ ಅಲ್ಲೇ ಫೋನ್ ಮಾಡಿದೆ. ಆವತ್ತು ಸಿಗಡಿ ಇತ್ತು."

ನಾನು ಚಹಾ ಎತ್ತಿಕೊಂಡೆ. ಅವನೇ ಮುಂದುವರಿಸಿದ.

"ನನ್ನ ಪಕ್ಕದ ಖಾಲಿ ಅಂಗಡಿ ಉಂಟಲ್ಲ ಕೊಗ್ಗಣ್ಣ, ಬಾಯಿ ಅದನ್ನು ಬಾಡಿಗೆಗೆ ಕೇಳಿದ್ದರು. ಲೈಸೆನ್ಸ್ ತೆಗೆದು, ಬೋರ್ಡು ಹಾಕಿ, ಸರಿಯಾದ ಹೋಟೆಲ್. ಲೈಸೆನ್ಸಿಗೆ ಹೆಸರು ಕೊಡಲು ಅರಬಿ ಕಫೀಲ್ ಕೂಡ ಒಪ್ಪಿದ್ದ. ಆಸ್ವಾಲ್ಡ್ ರಿಟೈರ್ ಆದ ಮೇಲೆ ಇಬ್ಬರೂ ಅದನ್ನೇ ನಡೆಸಿಕೊಂಡು ಇಲ್ಲೇ ಇರುವುದು ಎಂದು. ದಿನಕ್ಕೆ ನೂರು ಊಟ ಆದರೆ ತೆಗೆದುಕೊಳ್ಳುತ್ತೇನೆ ಎಂದಿದ್ದರು. ಎಂಬತ್ತಾರು ಆಗಿತ್ತು."

"ಆಮೇಲೆ?"

"ಆಮೇಲೆ ಎದೆಗೆ ನನ್ನ ಹೆಸರು ಬಂತಲ್ಲ." ಅವನು ಕುತ್ತಿಗೆ ಉಜ್ಜಿಕೊಂಡ. "ನನಗೂ ಆಗ ತಿಳಿಯಲಿಲ್ಲ. ಮೆಸ್ ಮುಚ್ಚುವಾಗ ಇಪ್ಪತ್ತೇಳಕ್ಕೆ ಇಳಿದಿತ್ತಂತೆ. ಅದು ಗೊತ್ತಾದ ಮೇಲೆ ನನಗೆ ಆ ಅಂಗಿ ನೋಡಲು ಆಗುವುದಿಲ್ಲ. ಅದಕ್ಕೇ ಈ ವರ್ಷ ಬೇಡ ಎಂದದ್ದು. ನಿಮಗೆ ಹೇಳಲು ನಾಚಿಕೆಯಾಯಿತು."

ಇಪ್ಪತ್ತೇಳು ಊಟ ಮಾರಿ, ಹದಿನಾಲ್ಕು ಜನರಿಗೆ ಶುಕ್ರವಾರ ಪುಕ್ಕಟೆ ಊಟ ಹಾಕಿದ್ದಾರೆ ನಿಶ್ಮಿ. ಆ ಮೀನು ಸಣ್ಣದಾಗದೆ ಇನ್ನೇನಾಗಬೇಕು? ಅದನ್ನು ನಾನು ಬಾಲದಲ್ಲಿ ಎತ್ತಿ ಹಿಡಿದೆ.

ನೀನು ಬೆಲೆ ಕಟ್ಟುವ ಕೆಲಸದವಳು. ಎದೆಯ ಜಾಗ ಹೋದದ್ದರಿಂದ ಆ ಹೆಂಗಸಿಗೆ ಎಷ್ಟು ನಷ್ಟವಾಯಿತು, ಲೆಕ್ಕ ಹಾಕಿ ಕಳಿಸು. ಅವರು ಡಿಸೆಂಬರ್ ಹನ್ನೊಂದನೇ ತಾರೀಕು ಹೊರಡುತ್ತಾರೆ. ಅಷ್ಟರಲ್ಲಿ ನನ್ನ ಕೈಯಿಂದ ಆದದ್ದು ಕೊಡುತ್ತೇನೆ.

ಮಾಮ


ಲೀಡ್ಸ್
23 ನವೆಂಬರ್ 2025

ಪ್ರೀತಿಯ ಮಾಮ,

ನೀವು ಕೇಳಿದಿರಿ ಎಂದು ಲೆಕ್ಕಕ್ಕೆ ಕೂತೆ. ಹದಿನಾಲ್ಕು ಅಂಗಿ, ವಾರಕ್ಕೆ ಆರು ದಿನ, ದಾರಿಯಲ್ಲಿ ಓದಿದವರು ಇಷ್ಟು, ಫೋನ್ ಮಾಡಿದವರು ಇಷ್ಟು. ದೊಡ್ಡ ಕ್ಲಬ್ಬುಗಳಿಗೆ ಮಾಡುವ ಹಾಗೆಯೇ ಮಾಡಿದೆ. ಒಂದು ಸಂಖ್ಯೆ ಬಂತು. ಅದನ್ನು ಅಳಿಸಿಬಿಟ್ಟೆ.

ಸಿಟ್ಟು ಮಾಡಬೇಡಿ. ನೀವು ಆ ಸಂಖ್ಯೆ ಹಿಡಿದುಕೊಂಡು ಹೋಗಿ ಕವರಿನಲ್ಲಿ ಹಣ ಇಟ್ಟುಕೊಟ್ಟರೆ, ಇಪ್ಪತ್ತು ವರ್ಷ ಲೆಕ್ಕವಿಲ್ಲದೆ ಬಡಿಸಿದವರು ಅದನ್ನು ತೆಗೆದುಕೊಳ್ಳುತ್ತಾರಾ? ನನ್ನ ಕೆಲಸದಲ್ಲಿ ಕ್ಲಬ್ಬಿಗೂ ಕಂಪೆನಿಗೂ ಜಗಳವಾದರೆ ವಕೀಲರು ಬರುತ್ತಾರೆ, ಮುಗಿಯುತ್ತದೆ. ಮರುವರ್ಷ ಬೇರೆ ಕಂಪೆನಿ. ನಿಮ್ಮದು ಹಾಗಲ್ಲ.

ಇನ್ನೂ ಹದಿನೆಂಟು ದಿನ ಇದೆ. ಹೋಗಿ ಬಾಗಿಲು ತಟ್ಟಿ, ಮಾಮ. ತಮಾಷೆ ಮಾಡಬೇಡಿ. ಒಂದೇ ಒಂದು ತಮಾಷೆಯೂ ಬೇಡ.

ನಿಮ್ಮ
ನಿಶ್ಮಿತಾ


ಶಂಕರಪುರ, ಉಡುಪಿ
4 ಜನವರಿ 2026

ಕೊಗ್ಗಣ್ಣನಿಗೆ ಸ್ಟೆಲ್ಲಾ ಮಾಡುವ ನಮಸ್ಕಾರಗಳು.

ಇಸುಬು ರಜೆಯಲ್ಲಿ ಊರಿಗೆ ಬಂದವನು ನಮ್ಮಲ್ಲಿಗೂ ಬಂದಿದ್ದಾನೆ. ನಾಳೆ ಹೊರಡುತ್ತಾನಂತೆ, ಅವನ ಕೈಯಲ್ಲಿ ಈ ಕಾಗದ ಕೊಡುತ್ತಿದ್ದೇನೆ. ನಾವು ಸುಖವಾಗಿ ಮುಟ್ಟಿದೆವು. ಮನೆಯಲ್ಲಿ ಸಾಮಾನು ಬಿಚ್ಚಿ ಇನ್ನೂ ಮುಗಿದಿಲ್ಲ. ದೊಡ್ಡ ಪಾತ್ರೆಗಳನ್ನು ಅಲ್ಲಿಯೇ ಕೊಟ್ಟು ಬಂದೆ. ಇಲ್ಲಿ ಇಬ್ಬರಿಗೆ ಅಡುಗೆ ಮಾಡಲು ಕೈಗೆ ಅಳತೆ ಸಿಗುವುದಿಲ್ಲ, ದಿನವೂ ಅನ್ನ ಉಳಿಯುತ್ತದೆ.

ಹೊರಡುವ ಹಿಂದಿನ ದಿನ ನೀವು ಬಾಗಿಲಿನ ಅಡಿಯಿಂದ ತೂರಿಸಿದ ಕಾಗದ ಓದಿದೆವು. ನಾನು ಓದಿದೆ, ಅವರು ಕೇಳಿದರು. ನಿಮಗೆ ಒಂದು ವಿಷಯ ಹೇಳಬೇಕು. ಮೆಟ್ಟಿಲು ಹತ್ತುವಾಗಲೇ ನಿಮ್ಮ ನಡಿಗೆ ನಮಗೆ ಗೊತ್ತಾಗಿತ್ತು, ಒಂದು ಕಾಲು ಎಳೆಯುತ್ತೀರಲ್ಲ. ಅವರು ರಟ್ಟಿನ ಪೆಟ್ಟಿಗೆಗೆ ಟೇಪು ಎಳೆಯುತ್ತಿದ್ದವರು ನಿಲ್ಲಿಸಿದರು. ನಾನು ಗ್ಯಾಸ್ ಸಣ್ಣ ಮಾಡಿದೆ. ನೀವು ತಟ್ಟುತ್ತೀರಿ ಎಂದು ಇಬ್ಬರೂ ಕಾದೆವು. ತುಂಬ ಹೊತ್ತು ಕಾದೆವು. ಕಾಗದ ಒಳಗೆ ಬಂತು, ನೀವು ಇಳಿದು ಹೋದಿರಿ. ಅವರು ಮತ್ತೆ ಟೇಪು ಎಳೆದರು.

ನೀವು ಕಾಗದದಲ್ಲಿ ಬರೆದದ್ದು ಎಲ್ಲ ಸರಿ, ಒಂದು ಬಿಟ್ಟು. ನಷ್ಟ ನಷ್ಟ ಎಂದು ನಾಲ್ಕು ಸಲ ಬರೆದಿದ್ದೀರಿ. ನೀವು ಮೊದಲೇ ಬಂದು, ಬಾಯಿ, ಆಟಗಾರರಿಗೆ ಬೂಟಿಲ್ಲ, ಮಹ್ರೂಫ್ ದುಡ್ಡು ಕೊಡುತ್ತಾನೆ, ಎದೆ ಅವನಿಗೆ ಕೊಡುವುದಾ ಎಂದು ಕೇಳಿದ್ದರೆ ನಾನೇ ಕೊಡಿ ಎನ್ನುತ್ತಿದ್ದೆ. ಪೇಂಟರನ ಹರಿದ ಬೂಟನ್ನು ನಾನೂ ನೋಡಿದವಳೇ. ನಂಬ್ರವನ್ನು ಬೆನ್ನಿನಲ್ಲಾದರೂ ಇಡಿ ಎನ್ನುತ್ತಿದ್ದೆ, ಅಷ್ಟೇ. ಎರಡು ನಿಮಿಷದ ಮಾತು.

ಮೀನು ಸಣ್ಣದಾದದ್ದಕ್ಕೆ ನನಗೆ ನಾಚಿಕೆಯಾಗಿತ್ತು. ಅದನ್ನು ಮುಚ್ಚಲು ಮಸಾಲೆ ದಪ್ಪ ಮಾಡುತ್ತಿದ್ದೆ. ನೀವು ಎಲ್ಲರೆದುರು ಎತ್ತಿ ತೋರಿಸಿದ್ದನ್ನು ಅವರಿಗೆ ತಡೆಯಲಾಗಲಿಲ್ಲ. ಅವರು ನಿಮಗೆ ಬರೆಯುವುದಿಲ್ಲ. ನಾನು ಬರೆಯುವುದು ಅವರಿಗೆ ಗೊತ್ತು, ಬೇಡ ಎನ್ನಲಿಲ್ಲ.

ಎದೆ ಖಾಲಿ ಉಂಟು, ಮೆಸ್ಸಿನ ಹೆಸರನ್ನು ಮತ್ತೆ ಹಾಕಬಹುದಾ ಎಂದು ಕೇಳಿ ಬಾ ಎಂದು ಇಸುಬುವಿಗೆ ಹೇಳಿ ಕಳಿಸಿದ್ದೀರಂತೆ. ಈಗ ಅದರಿಂದ ಯಾರಿಗೆ ಏನು ಕೊಗ್ಗಣ್ಣ? ಆದರೆ ಕೇಳಿದ್ದೀರಿ. ಹಾಕಿ. ನಂಬ್ರ ಹಾಕಬೇಡಿ, ಆ ಸಿಮ್ ವಾಪಸ್ ಕೊಟ್ಟಾಯಿತು.

ಹೊತ್ತಿಗೆ ಸರಿಯಾಗಿ ಊಟ ಮಾಡಿ.

ಸ್ಟೆಲ್ಲಾ


ದುಕ್ಮಿನಿಂದ ಬರುವ ಬಸ್ಸು
7 ಫೆಬ್ರವರಿ 2026

ಸ್ಟೆಲ್ಲಾ ಬಾಯಿಗೆ ಮತ್ತು ಆಸ್ವಾಲ್ಡನಿಗೆ,

ಬಸ್ಸು ಅಲುಗಾಡುತ್ತದೆ, ಅಕ್ಷರ ನೆಟ್ಟಗೆ ಬರುವುದಿಲ್ಲ. ಬರ್ಕಾ ಮುಟ್ಟಿದ ಮೇಲೆ ಬರೆದರೆ ಬೇರೆ ಏನಾದರೂ ಸೇರಿಸಿಬಿಡುತ್ತೇನೆ, ಅದಕ್ಕೆ ಈಗಲೇ ಬರೆಯುತ್ತೇನೆ.

ಬಾಯಿ, ನಿಮ್ಮ ಕಾಗದವನ್ನು ಇಸುಬು ಕೊಟ್ಟ. ಟೇಪು ಎಳೆಯುವ ಸದ್ದು ನಿಂತದ್ದು ನನಗೂ ಕೇಳಿಸಿತ್ತು. ನಾನು ಬಂದದ್ದು ತಿಳಿಯಿತು, ಈಗ ಒಳಗಿನವರು ಉಸಿರು ಹಿಡಿದು ಇವನು ಹೋಗಲಿ ಎಂದು ಕಾಯುತ್ತಿದ್ದಾರೆ ಎಂದು ತಿಳಿದುಕೊಂಡೆ. ಕೈ ಬಾಗಿಲಿನವರೆಗೆ ಹೋಗಿತ್ತು. ಇಪ್ಪತ್ತೆರಡು ವರ್ಷ ತಟ್ಟದೆಯೇ ಒಳಗೆ ಬಂದ ಬಾಗಿಲು, ತಟ್ಟುವುದು ಹೇಗೆ ಎಂದು ಗೊತ್ತಾಗಲಿಲ್ಲ. ನನ್ನ ನಾಲಿಗೆಯ ತುದಿಗೆ ಒಂದು ತಮಾಷೆ ಬಂತು, ಅದನ್ನು ನುಂಗಿದೆ. ನುಂಗಿದ ಮೇಲೆ ಹೇಳಲು ಬೇರೆ ಮಾತು ಉಳಿಯಲಿಲ್ಲ. ಆಸ್ವಾಲ್ಡ್, ನೀನು ಬಂದು ಬಾಗಿಲು ತೆಗೆಯಬಹುದಿತ್ತು ಎಂದು ನಾನು ಹೇಳುವುದಿಲ್ಲ. ತೆಗೆಯಬೇಕಾದವ ನೀನಲ್ಲ.

ನೀವು ಹಾಕಿ ಎಂದ ಮೇಲೆ ಹಾಕಿದೆ. ಹದಿನಾಲ್ಕು ಅಂಗಿ. ಎದೆಯಲ್ಲಿ ಹೆಸರು ಮಾತ್ರ, ನಂಬ್ರ ಇಲ್ಲ. ಬಸ್ಸಿನ ಬಾಡಿಗೆಯನ್ನು ಎಲ್ಲರೂ ಸೇರಿ ಹಾಕಿದೆವು, ಎಸಿ ಇಲ್ಲದ ಬಸ್ಸು. ಆಸ್ವಾಲ್ಡನ ಜಾಗದಲ್ಲಿ ಪೇಂಟರನ್ನು ನಿಲ್ಲಿಸಿದೆವು. ಎರಡನೇ ಆಟದಲ್ಲಿ ಸೋತೆವು, ಐದು ಗೋಲು. ನಾನು ಬದಿಯಲ್ಲಿ ಕೂತಿದ್ದೆ, ಕೂಗಲಿಲ್ಲ.

ಆಟ ಮುಗಿದು ಮೈದಾನದ ಬದಿಯಲ್ಲಿ ನೀರು ಕುಡಿಯುತ್ತಿದ್ದೆವು. ಕ್ಯಾಂಪಿನ ಕಡೆಯಿಂದ ಐದಾರು ಜನ ಬಂದರು, ರಿಫೈನರಿಯ ಕೆಲಸದ ಬಟ್ಟೆಯಲ್ಲೇ. ಎಲ್ಲ ನಲವತ್ತು ದಾಟಿದವರು. ಅವರಲ್ಲಿ ಒಬ್ಬ ಕುಂದಾಪುರದ ಕಡೆಯ ವೆಲ್ಡರ್, ಇಸುಬುವಿನ ಎದೆ ಓದಿಕೊಂಡು ಸೀದಾ ನನ್ನ ಹತ್ತಿರ ಬಂದ.

"ಈ ಮೆಸ್ ಎಲ್ಲಿ ಬರುತ್ತದೆ ಅಣ್ಣ? ಕುಚ್ಚಲಕ್ಕಿ ಸಿಗುತ್ತದಾ?"

"ಇಲ್ಲಿ ಅಲ್ಲ. ಬರ್ಕಾದಲ್ಲಿ ಇತ್ತು."

"ಪಾರ್ಸೆಲ್ ಕಳಿಸುವವರಾ? ವಾರಕ್ಕೊಂದು ಬಸ್ಸು ಬರುತ್ತದಲ್ಲ."

"ಮುಚ್ಚಿಯಾಯಿತು. ಅವರು ಊರಿಗೆ ಹೋದರು."

ಅವನು ತನ್ನ ಜೊತೆಯವರ ಕಡೆ ತಿರುಗಿ ಕೈ ಅಲ್ಲಾಡಿಸಿದ, ಇಲ್ಲವಂತೆ ಎಂದು. ಅವರು ವಾಪಸ್ ಹೊರಟರು. ಅವನು ಮಾತ್ರ ನಿಂತ. ನಮ್ಮ ಹದಿನಾಲ್ಕು ಎದೆಗಳನ್ನೂ ಒಂದೊಂದಾಗಿ ನೋಡಿದ.

"ಮುಚ್ಚಿದ ಅಂಗಡಿಯ ಹೆಸರನ್ನು ಯಾಕೆ ಹಾಕಿಕೊಂಡಿದ್ದೀರಿ?"

ಇಸುಬು ನನ್ನ ಮುಖ ನೋಡಿದ, ಕೊಗ್ಗಣ್ಣ ಏನಾದರೂ ತಮಾಷೆ ಹೇಳುತ್ತಾನೆ ಎಂದು.

ನಾವು ಅಲ್ಲಿ ಉಂಡವರು ಎಂದೆ.

ಕೊಗ್ಗ